ಸೂಜಿಯ ದುಡ್ಡು

ಹೋದ ವಾರ ತಂಗಿಯ ಮಗಳ ಸೀಮಂತಕ್ಕೆಂದು ಹುಣಸೂರಿನಿಂದ ಬೆಟ್ಟದಪುರದ ಬಸ್ಸು ಹತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ, ಎಲ್ಲರೂ ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಊರು ನಾಲ್ಕೈದು ಮೈಲಿ ಇರುವಾಗ ಮುಂದಿನ ಸೀಟಿನ ಗಂಡಸು ಎಲೆಅಡಿಕೆ ಉಗಿಯಲು ಗಾಜು ಸರಿಸಿದ. ಬ್ಯಾರನ್ನು ಎಂಬ ಒಣಗಿಸುವ ಮನೆಗಳಲ್ಲಿ ಬೇಯುತ್ತಿದ್ದ ಹೊಗೆಸೊಪ್ಪಿನ ವಾಸನೆ ಒಮ್ಮೆಲೇ ಒಳಗೆ ನುಗ್ಗಿತು. ನನ್ನ ಪಕ್ಕದ ಹೆಂಗಸು ಮೂಗರಳಿಸಿ, "ಬೆಲ್ಲ ಕಾಯಿಸ್ದಂಗೆ ಅದೆ ಅಲ್ವಾ?" ಅಂದಳು. ಹೌದು ಎಂದು ತಲೆಯಾಡಿಸಿದೆ. ಆ ವಾಸನೆ ಬಂದರೆ ನನಗೆ ಈಗಲೂ ಒಂದು ಶ್ರಾವಣ ಮಾಸ ಕಣ್ಣ ಮುಂದೆ ಬಂದು ನಿಲ್ಲುತ್ತದೆ, ಎಷ್ಟು ಬೇಡವೆಂದರೂ ಬಿಡುವುದಿಲ್ಲ.

ಆಗ ನಾನು ಬೆಟ್ಟದಪುರದ ಬೆಟ್ಟ ಕಾಣುವಷ್ಟು ದೂರದ ಒಂದು ಸಣ್ಣ ಊರಿನಲ್ಲಿ ಅಂಗನವಾಡಿ ಟೀಚರ್ ಆಗಿದ್ದೆ. ಊರಿನ ಹೆಸರು ಬೇಡ, ಅವರೆಲ್ಲ ಇನ್ನೂ ಅಲ್ಲೇ ಇದ್ದಾರೆ. ನನಗೆ ಬಾಯಿ ಜಾಸ್ತಿ ಎಂಬುದು ಊರಿಗೆಲ್ಲ ಗೊತ್ತಿತ್ತು, ಕೆಲಸ ಅಚ್ಚುಕಟ್ಟು ಎಂಬುದೂ ಗೊತ್ತಿತ್ತು. ಮಕ್ಕಳಿಗೆ ಮೊಟ್ಟೆ ಬೇಯಿಸುವುದು, ತೂಕ ನೋಡುವುದು, ಬಸುರಿಯರನ್ನು ಹುಡುಕಿ ಹೆಸರು ಬರೆದುಕೊಳ್ಳುವುದು, ಬಾಣಂತಿಯರಿಗೆ ಸರ್ಕಾರ ಕೊಡುವ ದುಡ್ಡಿಗೆ ಫೋನಿನಲ್ಲಿ ಅರ್ಜಿ ತುಂಬುವುದು, ಎಲ್ಲವೂ ನನ್ನ ತಲೆಯ ಮೇಲೆ. ನನ್ನ ಕೇಂದ್ರದಲ್ಲಿ ಯಾವ ಹೆಸರಿನ ಮುಂದೆಯೂ ಖಾಲಿ ಕಲಂ ಇರಬಾರದು ಎಂಬ ಹಠ ನನಗೆ. ತಿಂಗಳ ಸಭೆಯಲ್ಲಿ ಮೇಲ್ವಿಚಾರಕಿ ನನ್ನ ಹೆಸರು ಹೇಳಿ ಹೊಗಳಿದರೆ ಎರಡು ದಿನ ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ?

ಆ ದುಡ್ಡಿನ ವಿಷಯ ಸ್ವಲ್ಪ ಹೇಳಬೇಕು. ಮೊದಲ ಹೆರಿಗೆಯ ತಾಯಿಗೆ ಸರ್ಕಾರ ಐದು ಸಾವಿರ ರೂಪಾಯಿ ಅವಳದೇ ಬ್ಯಾಂಕಿನ ಖಾತೆಗೆ ಹಾಕುತ್ತದೆ. ಕೂಲಿ ತಪ್ಪಿದ್ದಕ್ಕೆ ಒಂದಿಷ್ಟು ಆಸರೆಯಾಗಲಿ, ಹಸಿ ಮೈಯವಳು ಮನೆಯಲ್ಲಿ ಕೂತು ಸುಧಾರಿಸಿಕೊಳ್ಳಲಿ ಎಂಬುದು ಉದ್ದೇಶ. ಮೂರು ಸಾವಿರ ಬಸಿರಿನಲ್ಲಿ ಬರುತ್ತದೆ. ಉಳಿದ ಎರಡು ಸಾವಿರ ಬರಬೇಕಾದರೆ ಮಗುವಿನ ಜನನ ನೋಂದಣಿ ಆಗಬೇಕು, ಮೂರೂವರೆ ತಿಂಗಳವರೆಗಿನ ಸೂಜಿಗಳೆಲ್ಲ ಬಿದ್ದಿರಬೇಕು. ಸೂಜಿ ಬಿದ್ದದ್ದು ತಾಯಿ ಕಾರ್ಡಿನಲ್ಲಿ ಬರೆದಿರದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ನಮ್ಮೂರಿನಲ್ಲಿ ಅದನ್ನು ಯಾರೂ ಯೋಜನೆಯ ಹೆಸರಿನಿಂದ ಕರೆಯುತ್ತಿರಲಿಲ್ಲ, ಸೂಜಿಯ ದುಡ್ಡು ಎನ್ನುತ್ತಿದ್ದರು. ಆ ಹೆಸರು ಹುಟ್ಟಲು ನಾನೇ ಕಾರಣ. ಸೂಜಿಗೆ ಬಾರದ ತಾಯಂದಿರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಸೂಜಿ ಇಲ್ಲ ಅಂದ್ರೆ ದುಡ್ಡೂ ಇಲ್ಲ." ಕಾಯಿಲೆ, ರೋಗನಿರೋಧಕ ಎಂದೆಲ್ಲ ಅರ್ಧ ಗಂಟೆ ವಿವರಿಸುವುದಕ್ಕಿಂತ ಈ ಐದು ಪದಗಳು ಬೇಗ ಕೆಲಸ ಮಾಡುತ್ತಿದ್ದವು.

ಪವಿತ್ರ ಆ ವರ್ಷ ತವರೂರು ಮಿರ್ಲೆಯಿಂದ ಬಾಣಂತನ ಮುಗಿಸಿಕೊಂಡು ಬಂದವಳು. ಮುಗಿಸಿಕೊಂಡು ಎನ್ನುವುದೂ ತಪ್ಪು. ಮೊದಲ ಹೆರಿಗೆ ತವರಿನಲ್ಲಿ, ಐದನೇ ತಿಂಗಳಿಗೆ ಗಂಡನ ಮನೆಗೆ ಎಂದು ಮಾತಾಗಿತ್ತು. ಮೂರಕ್ಕೇ ಕರೆಸಿಕೊಂಡರು. ಹೊಗೆಸೊಪ್ಪಿನ ಕಾಲ ಶುರುವಾಗಿತ್ತು, ಸೊಪ್ಪು ಯಾರ ಬಾಣಂತನವನ್ನೂ ಕಾಯುವುದಿಲ್ಲ. ಬೆಳಿಗ್ಗೆ ಹೊಲದಲ್ಲಿ ಎಲೆ ಮುರಿದು ತಂದರೆ ಸಂಜೆಯೊಳಗೆ ದಾರದಲ್ಲಿ ಪೋಣಿಸಿ ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ರಾಶಿ ಹಾಗೇ ಬಿದ್ದಿದ್ದರೆ ಒಳಗೊಳಗೇ ಕಾವು ಹುಟ್ಟಿ ಕೆಟ್ಟುಹೋಗುತ್ತದೆ. ಒಂದು ಮನೆಯ ಕೈಗಳಿಂದ ಆಗುವ ಕೆಲಸ ಅದಲ್ಲ. ಅದಕ್ಕೇ ಅಲ್ಲಿ ಮುಯ್ಯಾಳಿನ ಪದ್ಧತಿ. ಇವತ್ತು ನಿಮ್ಮ ಮನೆಯ ಸೊಪ್ಪು ಕಟ್ಟಲು ನಾನು ಬರುತ್ತೇನೆ, ನಾಳೆ ನಮ್ಮ ಮನೆಗೆ ನೀವು ಬನ್ನಿ. ಕೂಲಿ ಇಲ್ಲ, ಕಾಗದವಿಲ್ಲ. ಬಂದವರ ಮನೆಗೆ ಹೋಗದಿದ್ದರೆ ಮಾತ್ರ ಮುಂದಿನ ಸಲ ನಿಮ್ಮ ಅಂಗಳಕ್ಕೆ ಯಾರೂ ಕಾಲಿಡುವುದಿಲ್ಲ.

ಪವಿತ್ರಳ ಅತ್ತೆ ಪುಟ್ಟತಾಯಮ್ಮನ ಕಷ್ಟ ಅದೇ ಆಗಿತ್ತು. ಮೊದಲ ಎರಡು ಬ್ಯಾರನ್ನಿಗೆ ಏಳೆಂಟು ಮನೆಯ ಹೆಂಗಸರು ಬಂದು ಕಟ್ಟಿಕೊಟ್ಟು ಹೋಗಿದ್ದರು. ಹಿಂದಿರುಗಿಸಲು ಮನೆಯಲ್ಲಿ ಇನ್ನೊಂದು ಹೆಣ್ಣು ಕೈ ಇರಲಿಲ್ಲ. ಮಗ ಸ್ವಾಮಿ ಹಗಲು ಹೊಲ, ಉಳಿದ ಹೊತ್ತು ಬ್ಯಾರನ್ನಿನ ಬೆಂಕಿ ನೋಡಿಕೊಳ್ಳಬೇಕು. ಮುದುಕಿ ಅಡುಗೆ, ದನ, ಬಂದವರ ಊಟ ಎಂದು ಓಡಾಡುತ್ತಿದ್ದಳು. ಹಾಗಾಗಿ ಸೊಸೆಗೆ ಫೋನು ಹೋಯಿತು.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ನಾನು ಕಾಯುತ್ತಿದ್ದೆ. ಬಂದ ಮಾರನೆಯ ದಿನವೇ ಪವಿತ್ರ ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಬಂದಳು. ಇಪ್ಪತ್ತೆರಡು ವರ್ಷದ ಹುಡುಗಿ, ಕೆನ್ನೆಯಲ್ಲಿ ಇನ್ನೂ ಬಾಣಂತನದ ಅರಿಶಿನದ ಬಣ್ಣ. ಹೆಣ್ಣು ಕೂಸು ದುಂಡಗಿತ್ತು, ತೂಕ ಪಟ್ಟಿಯ ಹಸಿರು ಗೆರೆಯಲ್ಲೇ ಬಂತು. ನನಗೆ ಖುಷಿಯಾಯಿತು.

"ಟೀಚರ್, ಆ ಉಳಿದ ದುಡ್ಡು ಯಾವಾಗ ಬತ್ತದೆ?" ಎಂದು ಕೇಳಿದಳು.

"ಯಾಕಮ್ಮಾ, ಅಷ್ಟು ಅರ್ಜೆಂಟು?"

"ಮೊದಲ್ನೇ ದುಡ್ಡು ಅವರು ಗೊಬ್ಬರಕ್ಕೆ ತಕ್ಕೊಂಡ್ರು. ಇದ್ನ ಕೊಡಾಕಿಲ್ಲ. ನನ್ನ ಬದ್ಲು ಮುಯ್ಯಿಗೆ ಒಂದು ಆಳು ಮಾಡಿ ಕಳಿಸ್ತೀನಿ. ನಾಕು ದಿನವಾದ್ರೂ ಮಗಿನ್ ಜೊತೆ ಮನೇಲಿ ಇರ್ತೀನಿ." ಹೇಳುವಾಗ ಅವಳ ಕಣ್ಣು ಬಾಗಿಲ ಕಡೆ ಇತ್ತು, ಅತ್ತೆ ಕೇಳಿಸಿಕೊಂಡಾಳೆಂದು.

ಸರ್ಕಾರ ಆ ದುಡ್ಡನ್ನು ಯಾತಕ್ಕೆ ಕೊಡುತ್ತದೋ ಅದನ್ನೇ ಆ ಹುಡುಗಿ ತಾನಾಗಿ ಯೋಚಿಸಿದ್ದಳು. ನಾನು ಅವಳ ಜೊತೆ ಕೂತು ಎರಡು ಮಾತಾಡಬಹುದಿತ್ತು. ಅತ್ತೆಯನ್ನು ಕರೆದು ಹಸಿ ಬಾಣಂತಿಯನ್ನು ಸೊಪ್ಪಿಗೆ ಕೂರಿಸಬೇಡಿ ಎನ್ನಬಹುದಿತ್ತು. ನಾನು ಮಾಡಿದ್ದು ಕಾರ್ಡು ತಿರುಗಿಸಿ ನೋಡಿದ್ದು. ಎರಡು ಸುತ್ತು ಮಿರ್ಲೆಯಲ್ಲಿ ಆಗಿತ್ತು, ಮೂರನೆಯದು ಬಾಕಿ ಇತ್ತು. "ಬರೋ ಗುರುವಾರದ ಮುಂದಿನ ಗುರುವಾರ ಸೂಜಿ. ಅದಾಗ್ಲಿ, ಆಮೇಲೆ ದುಡ್ಡಿನ ಮಾತು," ಎಂದೆ.

ಪುಟ್ಟತಾಯಮ್ಮನಿಗೆ ಸೂಜಿ ಎಂದರೆ ಆಗುತ್ತಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಕೂಸಿನ ತೊಡೆ ಊದಿ ಎರಡು ದಿನ ಅತ್ತಿತ್ತಂತೆ. ಅವಳು ಕೆಟ್ಟ ಹೆಂಗಸಲ್ಲ. ಮೂರು ಹೆತ್ತು ಒಂದನ್ನು ಉಳಿಸಿಕೊಂಡವಳು, ಅಂಥವರಿಗೆ ಕೂಸಿನ ಅಳು ಬೇರೆ ಥರ ಕೇಳಿಸುತ್ತದೆ. ಹಾಗೆಂದು ಈಗ ಬರೆಯುತ್ತಿದ್ದೇನೆ. ಆಗ ನನಗೆ ಅವಳು ಒಂದು ಖಾಲಿ ಕಲಂ, ಅಷ್ಟೆ.

"ಬ್ಯಾಡ ಕಣವ್ವ. ಚೆನ್ನಾಗಿರೋ ಕೂಸ್ನ ಯಾಕ್ ಚುಚ್ಚಿ ಅಳಿಸ್ಬೇಕು?" ಎಂದು ಅಂಗಳದಲ್ಲಿ ನನ್ನನ್ನು ತಡೆದಳು.

"ಚುಚ್ಚಿಸದೆ ಇದ್ರೆ ಎರಡು ಸಾವಿರ ಹೋಯ್ತದೆ, ಯೋಚ್ನೆ ಮಾಡು."

ಅವಳು ನನ್ನ ಮುಖವನ್ನೇ ನೋಡಿದಳು. "ದುಡ್ಡಿನ್ ಆಸೆ ತೋರುಸ್ತೀಯೇನೆ ನಂಗೆ?" ಎಂದು ಮೆಲ್ಲಗೆ ಕೇಳಿ ಒಳಗೆ ಹೋದಳು. ಆ ಮಾತು ನನಗೆ ಚುಚ್ಚಿತು, ಆದರೆ ಮನೆಗೆ ಹೋಗುವಷ್ಟರಲ್ಲಿ ಮರೆತೆ.

ಆ ಗುರುವಾರ ಬೆಳಿಗ್ಗೆಯಿಂದ ಮಳೆ. ಆರೋಗ್ಯ ಕೇಂದ್ರದ ಸಿಸ್ಟರ್ ಲಸಿಕೆಯ ಪೆಟ್ಟಿಗೆ ಹೊತ್ತು ನೆನೆದುಕೊಂಡು ಬಂದರು. ಪವಿತ್ರ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಪುಟ್ಟತಾಯಮ್ಮ ಹಿಂದೆಯೇ ಬಂದವಳು ಒಳಗೆ ಕಾಲಿಡಲಿಲ್ಲ, ಹೊರಗೆ ಸೂರಿನ ಕೆಳಗೆ ಗೋಡೆಗೆ ಮುಖ ಮಾಡಿ ನಿಂತಳು. ಸೂಜಿ ಬಿತ್ತು, ಕೂಸು ಕಿರುಚಿತು, ಹೊರಗಿನಿಂದ ಮುದುಕಿಯ ಶಾಪವೂ ಕೇಳಿಸಿತು. ಸಿಸ್ಟರ್ ಜ್ವರದ ಹನಿ ಕೊಟ್ಟು, ಅರ್ಧ ಗಂಟೆ ಇಲ್ಲೇ ಇರು ಎಂದರು. ಕಾರ್ಡಿನಲ್ಲಿ ತಾರೀಖು ಬರೆದರು. ಅದರ ಫೋಟೊ ತೆಗೆದು ನಾನು ಅಲ್ಲೇ ಕೂತು ಅರ್ಜಿ ತುಂಬಿದೆ. ಸಿಗ್ನಲ್ ಸಿಕ್ಕಿ ಫೋನಿನಲ್ಲಿ ಹಸಿರು ಗುರುತು ಬಂದಾಗ ಪವಿತ್ರಳಿಗೆ ತೋರಿಸಿದೆ. ಅವಳು ನಕ್ಕಳು.

ರಾತ್ರಿ ಜ್ವರ ಬಂತಂತೆ, ಹನಿ ಹಾಕಿದರಂತೆ, ಶುಕ್ರವಾರ ಮಧ್ಯಾಹ್ನಕ್ಕೆ ಇಳಿಯಿತಂತೆ. ಸಂಜೆ ನಾನೇ ಹೋಗಿ ಮುಟ್ಟಿ ನೋಡಿ ಬಂದೆ. ಕೂಸು ನನ್ನ ಬೆರಳು ಹಿಡಿದು ಆಡುತ್ತಿತ್ತು. ಎಲ್ಲ ಮುಗಿಯಿತು ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಮಕ್ಕಳನ್ನು ಮನೆಗೆ ಕಳಿಸಿ ಪಾತ್ರೆ ಕವುಚುತ್ತಿದ್ದೆ. ಬಾಗಿಲಲ್ಲಿ ಪುಟ್ಟತಾಯಮ್ಮ ನಿಂತಿದ್ದಳು. ತಲೆಗೆ ಗೋಣಿಚೀಲದ ಕೊಪ್ಪೆ, ಕಾಲಿಗೆ ಚಪ್ಪಲಿ ಇಲ್ಲ.

"ಬಾ, ಬಂದು ನೋಡು ನಿನ್ನ ಸೂಜಿ ಮಾಡಿರೋದ! ಎರಡು ಸಾವ್ರಕ್ಕೆ ನನ್ನ ಮೊಮ್ಮಗಳ್ನ ತಿಂದ್ಕೊಂಡ್ಯಲ್ಲೇ!"

ಅವಳು ನನ್ನ ಕೈ ಹಿಡಿದೆಳೆಯುವ ಮೊದಲೇ ನಾನು ಓಡುತ್ತಿದ್ದೆ. ಆ ದಿನ ಪವಿತ್ರಳ ಮುಯ್ಯಿ ಇದ್ದದ್ದು ಜಯಮ್ಮನ ಮನೆಯಲ್ಲಿ. ಅವರ ಬ್ಯಾರನ್ನಿನ ಪಕ್ಕದ ಚಪ್ಪರದಲ್ಲಿ ಹತ್ತು ಹನ್ನೆರಡು ಹೆಂಗಸರು ಹಸಿರು ರಾಶಿಯ ಸುತ್ತ ಎದ್ದು ನಿಂತಿದ್ದರು. ನಡುವೆ ಪವಿತ್ರ ನೆಲದ ಮೇಲೆ ಕೂತು ಕೂಸನ್ನು ಅಲುಗಾಡಿಸುತ್ತಿದ್ದಳು. ಹಾಲು ಕಕ್ಕಿ ಕಕ್ಕಿ ಕೂಸಿನ ಕತ್ತು ಜೋತು ಬಿದ್ದಿತ್ತು. ಬಾಯಿಂದ ಜೊಲ್ಲು ಒಂದೇ ಸಮನೆ ಇಳಿಯುತ್ತಿತ್ತು. ಹಣೆ ಮುಟ್ಟಿದೆ. ಸುಡುತ್ತಿರಲಿಲ್ಲ, ತಣ್ಣಗೆ ಬೆವರಿತ್ತು. ಕಣ್ಣು ಅರ್ಧ ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ.

"ಆಸ್ಪತ್ರೆಗೆ ನಡಿ," ಎಂದೆ.

"ಅಲ್ಲೂ ಇನ್ನೊಂದು ಚುಚ್ತಾರೆ ಕಣ್ಲೇ, ಓಗ್‌ಬ್ಯಾಡ," ಎಂದು ಯಾರೋ ಹಿಂದಿನಿಂದ ಕೂಗಿದರು. ಇನ್ನೊಬ್ಬಳು ಬೂದಿ ಮಂತ್ರಿಸುವವರ ಹೆಸರು ಹೇಳಿದಳು. ಪವಿತ್ರ ಒಮ್ಮೆ ನನ್ನನ್ನು, ಒಮ್ಮೆ ಅತ್ತೆಯನ್ನು ನೋಡಿದಳು. ನಾನು ಬಾಯಿಬಿಟ್ಟು ಬೈಯುವ ಹೊತ್ತಿಗೆ ಪುಟ್ಟತಾಯಮ್ಮನೇ ಗದರಿದಳು: "ಸುಮ್ಕಿರ್ರೇ! ಕೂಸು ಓಯ್ತಾ ಅದೆ. ಎದ್ದೇಳೆ ಪವಿತ್ರ!"

ತರಕಾರಿ ಮಾರಲು ಬರುವ ಬಷೀರಣ್ಣನ ಆಟೊ ಊರಬಾಗಿಲಲ್ಲಿ ಇತ್ತು. ಅವರು ಕೂಸನ್ನು ನೋಡಿದ್ದೇ ತಡ, ಟೊಮ್ಯಾಟೊ ಕ್ರೇಟುಗಳನ್ನು ದೇವಸ್ಥಾನದ ಜಗಲಿಗೆ ಇಳಿಸಿ ಬಂಡಿ ಚಾಲೂ ಮಾಡಿದರು. ನಾವು ಮೂರು ಹೆಂಗಸರು ಹಿಂದೆ ಖಾಲಿ ಜಾಗದಲ್ಲಿ ಕೂತೆವು. ಮೇಲೆ ಟಾರ್ಪಾಲು, ಪಕ್ಕದಿಂದ ಎರಚಲು ಮಳೆ. ಕೂಸಿಗೆ ತಗುಲದಿರಲೆಂದು ಅದನ್ನು ಸುತ್ತಿದ್ದ ದಪ್ಪ ಬಟ್ಟೆಯನ್ನು ಪುಟ್ಟತಾಯಮ್ಮ ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದಳು.

ತಾಲ್ಲೂಕು ಆಸ್ಪತ್ರೆ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಆ ದಾರಿಯುದ್ದಕ್ಕೂ ನಾನು ಕೂಸಿನ ಅಂಗಾಲು ತಿಕ್ಕುತ್ತಿದ್ದೆ. ಪವಿತ್ರ ಮೊಲೆ ಕೊಟ್ಟರೆ ಅದು ಮುಖ ತಿರುಗಿಸುತ್ತಿತ್ತು. ಒಂದು ತಿರುವಿನಲ್ಲಿ ಪವಿತ್ರಳೇ ತಲೆ ಹೊರಹಾಕಿ ವಾಂತಿ ಮಾಡಿಕೊಂಡಳು. "ಎದರಿಕೆಗೆ," ಎಂದಳು ಪುಟ್ಟತಾಯಮ್ಮ, ಸೊಸೆಯ ಬೆನ್ನು ನೀವುತ್ತ. ನನಗೆ ಅದ್ಯಾವುದೂ ತಲೆಗೆ ಹತ್ತಲಿಲ್ಲ. ಈ ಕೂಸು ಸತ್ತರೆ ಎಂಬ ಒಂದೇ ಯೋಚನೆ. ಹೆದರಿದ ಮುದುಕಿಯ ಬಾಯಿ ಮುಚ್ಚಿಸಲು ನಾನು ದುಡ್ಡು ತೋರಿಸಿದ್ದೆ. ಅವಳು ಬೇಡವೆಂದಿದ್ದಳು, ನಾನು ಬಿಟ್ಟಿರಲಿಲ್ಲ. ದೇವರೇ, ಆ ಎರಡು ಸಾವಿರವನ್ನು ನನ್ನ ಕೈಯಿಂದ ಬೇಕಾದರೆ ಕೊಡುತ್ತೇನೆ, ಹಸಿರು ಗುರುತು ಅಳಿಸಿಬಿಡುತ್ತೇನೆ, ಈ ಕೂಸು ಒಮ್ಮೆ ಅಳಲಿ ಎಂದು ಬೇಡಿಕೊಂಡೆ. ಅದು ಅಳಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಾರೂ ಕೇಳುವ ಮೊದಲೇ ನಾನು ಮುಂದೆ ಹೋಗಿ, "ಗುರುವಾರ ಲಸಿಕೆ ಹಾಕಿಸಿದ್ದು ನಾನು ಮೇಡಂ. ಮನೆಯವರು ಒಪ್ಪಿರಲಿಲ್ಲ. ತಪ್ಪೇನಿದ್ದರೂ ನಂದು," ಎಂದೆ. ಅವರು ಕೈ ಸನ್ನೆಯಿಂದ ನನ್ನನ್ನು ತಡೆದು ಕೂಸಿನ ಕಣ್ಣು ಬಿಡಿಸಿ ನೋಡಿದರು, ನಾಡಿ ಎಣಿಸಿದರು. ಜ್ವರ ಯಾವಾಗ ಬಂತು, ಯಾವಾಗ ಬಿಟ್ಟಿತು, ವಾಂತಿ ಯಾವಾಗಿನಿಂದ ಎಂದು ಪವಿತ್ರಳನ್ನು ಒಂದೊಂದೇ ಕೇಳಿದರು. ಎದೆಗೆ ಕೊಳವೆ ಇಡಲು ಬಗ್ಗಿದವರು ಥಟ್ಟನೆ ತಲೆ ಎತ್ತಿದರು.

"ಏನಿದು ಘಾಟು ವಾಸನೆ?"

ನಮಗೆ ಯಾವ ವಾಸನೆಯೂ ಗೊತ್ತಾಗಲಿಲ್ಲ. ಆ ಎರಡು ತಿಂಗಳು ಊರೇ ಆ ವಾಸನೆ. ಡಾಕ್ಟರು ಪವಿತ್ರಳ ಕೈ ಹಿಡಿದು ಅಂಗೈ ಮೇಲೆ ಮಾಡಿದರು. ಬೆರಳ ಸಂದುಗಳಲ್ಲೆಲ್ಲ ಎಲೆಯ ಅಂಟು ಕಪ್ಪಗೆ ಹತ್ತಿತ್ತು. ಸೀರೆ ಎದೆಯವರೆಗೂ ಎಲೆಯ ನೀರಿನಲ್ಲಿ ನೆಂದಿತ್ತು.

"ಹೊಗೆಸೊಪ್ಪು ಕಟ್ತಿದ್ರಾ? ಈ ಕೈಯಲ್ಲೇ ಹಾಲು ಕೊಟ್ರಾ? ಮಗು ಎಲ್ಲಿತ್ತು?"

"ಅಲ್ಲೇ... ಚಪ್ಪರದಲ್ಲೇ ಮಲಗ್ಸಿದ್ದೆ ಮೇಡಂ."

ಡಾಕ್ಟರು ಕೂಸನ್ನು ಸುತ್ತಿದ್ದ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಮೂಗಿನ ಹತ್ತಿರ ಹಿಡಿದರು. ಹೊಲದಿಂದ ಹಸಿ ಸೊಪ್ಪಿನ ಹೊರೆ ಕಟ್ಟಿ ತರುವ ದುಪ್ಪಟಿ ಅದು, ಹಸಿರು ಕಲೆಗಳಿಂದ ಗಟ್ಟಿಯಾಗಿತ್ತು, ಒದ್ದೆಯಾಗಿತ್ತು.

"ಇದ್ರಲ್ಲಿ ಯಾರು ಸುತ್ತಿದ್ದು?"

ಪುಟ್ಟತಾಯಮ್ಮ ಮುಂದೆ ಬಂದು ಹೇಳಿದಳು: "ನಾನೇ ಕಣವ್ವ. ಸೂಜಿ ಚುಚ್ಚಿದ ಮೈ, ಸೀತ ಆದದು ಅಂತ. ಮನೇಲಿ ಇರೋದ್ರಲ್ಲಿ ಅದೇ ಬೆಚ್ಚಗಿರೋದು. ಬೆಳಗಿಂದ ಅದ್ರಲ್ಲೇ ಇತ್ತು."

ಹೊಸದಾಗಿ ಸೊಪ್ಪು ಕಟ್ಟಲು ಕೂತವರಿಗೆ ಮೊದಲ ದಿನ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಸೊಪ್ಪು ಸೊಕ್ಕಿತು ಎಂದು ಎಲ್ಲರೂ ನಗುತ್ತಾರೆ, ಹುಣಸೆಹಣ್ಣು ಬೆಲ್ಲ ಕೊಟ್ಟು ಮತ್ತೆ ಕೂರಿಸುತ್ತಾರೆ. ಆ ಊರಿನ ಪ್ರತಿ ಹೆಂಗಸಿಗೂ ಅದು ಗೊತ್ತು, ನನಗೂ ಗೊತ್ತಿತ್ತು. ಮಳೆಯ ದಿನ ಎಲೆ ಒದ್ದೆಯಿದ್ದರೆ ಇನ್ನೂ ಜಾಸ್ತಿ ಎಂಬುದೂ ಗೊತ್ತಿತ್ತು. ಆದರೆ ದೊಡ್ಡವರಿಗೆ ಸೊಕ್ಕುವ ಸೊಪ್ಪು ಅಂಗೈಯಷ್ಟು ಮೈಯ ಕೂಸಿಗೆ ಏನು ಮಾಡೀತು ಎಂದು ಒಬ್ಬರ ತಲೆಗೂ ಹೊಳೆದಿರಲಿಲ್ಲ. ನಕ್ಕು ಮರೆಯುವ ವಿಷಯಕ್ಕೆ ಯಾರು ಹೆದರುತ್ತಾರೆ?

"ನೂರಕ್ಕೆ ನೂರು ಅಂತ ಈಗ್ಲೇ ಹೇಳಲ್ಲ. ಆದ್ರೆ ಲಸಿಕೆಯ ಜ್ವರ ಬಂದು ಹೋಗಿದೆ. ಇದು ಅದಲ್ಲ," ಎಂದರು ಡಾಕ್ಟರು. ದೊಡ್ಡ ಡಾಕ್ಟರಿಗೆ ಫೋನು ಮಾಡುತ್ತಲೇ ಕೂಸಿನ ಬಟ್ಟೆಯೆಲ್ಲ ಬಿಚ್ಚಿಸಿ, ಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ಮೈ ತೊಳೆಸಿದರು. ತಾಯಿಗೂ ಸ್ನಾನ ಮಾಡಿ ಬಾ ಎಂದು ಕಳಿಸಿದರು. ಕೂಸಿನ ಮೂಗಿಗೆ ಆಮ್ಲಜನಕ ಇಟ್ಟರು, ಕೈಗೆ ಗ್ಲೂಕೋಸ್ ಹಾಕಿದರು.

ಇಲ್ಲಿ ಒಂದು ನಿಜ ಬರೆಯಬೇಕು. "ಇದು ಅದಲ್ಲ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗಾದದ್ದು ಸಂತೋಷ. ಕೂಸು ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಆದರೂ ನನ್ನ ಸೂಜಿಯಲ್ಲ, ನಾನಲ್ಲ ಎಂದು ಎದೆ ಹಗುರವಾಯಿತು. ಎದುರಿಗೆ ಪುಟ್ಟತಾಯಮ್ಮ ಆ ದುಪ್ಪಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವಳ ಮುಖ ನೋಡಿದೆ. ನಾಚಿಕೆಯಿಂದ ಎದ್ದು ಹೊರಗೆ ಹೋದೆ.

ಸಂಜೆ ಆರರ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಹಸಿವಿನ ಜೋರು ಅಳು. ಪವಿತ್ರ ಆಸ್ಪತ್ರೆಯ ಹಸಿರು ಬಟ್ಟೆಯಲ್ಲೇ ಓಡಿದಳು. ಪುಟ್ಟತಾಯಮ್ಮ ಏಳಲಿಲ್ಲ. ನಾನು ಹತ್ತಿರ ಹೋದಾಗ ನನ್ನ ಕೈ ಹಿಡಿದುಕೊಂಡಳು. "ಊರಲ್ಲಿ ಏಳ್‌ಬ್ಯಾಡ ಕಣವ್ವ. ನಾನೇ ಮೊಮ್ಮಗಳ್ನ ಕೊಲ್ಲಾಕ್ ಓಗಿದ್ದೆ ಅಂತಾರೆ. ತಲೆ ಎತ್ಕಂಡು ಎಂಗೆ ಓಡಾಡ್ಲಿ?" ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವತ್ತು ಅವಳು ಏನು ಕೇಳಿದ್ದರೂ ಕೊಡುತ್ತಿದ್ದೆ.

ಎರಡು ದಿನ ಇಟ್ಟುಕೊಂಡು ಸೋಮವಾರ ಕಳಿಸಿದರು. ಕೂಸು ಚೆನ್ನಾಗಿತ್ತು. ಊರು ಚೆನ್ನಾಗಿರಲಿಲ್ಲ. ಸೂಜಿಯಿಂದ ಕೂಸು ಸಾಯುವುದರಲ್ಲಿತ್ತು ಎಂಬ ಮಾತು ನಮಗಿಂತ ಮೊದಲೇ ಮನೆಮನೆ ತಲುಪಿತ್ತು. ನಾನು ಬೀದಿಯಲ್ಲಿ ಬಂದರೆ ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಪಕ್ಕದ ಊರುಗಳಿಗೂ ಸುದ್ದಿ ಹಬ್ಬಿದೆ ಎಂದು ಮೇಲ್ವಿಚಾರಕಿ ಫೋನಿನಲ್ಲಿ ಬೈದರು. ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಮಾತು ಕೊಟ್ಟಿದ್ದೆ. ಹನ್ನೊಂದು ಮಕ್ಕಳ ಪಟ್ಟಿ ಹಿಡಿದು ಮುಂದಿನ ಸೂಜಿಯ ದಿನ ಸಿಸ್ಟರ್ ಜೊತೆ ಕಾದೆ. ಮಧ್ಯಾಹ್ನ ಎರಡಾದರೂ ಒಂದು ಕೂಸೂ ಬರಲಿಲ್ಲ. ಸಿಸ್ಟರ್ ಪೆಟ್ಟಿಗೆ ಮುಚ್ಚಿ ಹೊರಟುಹೋದರು.

ನನಗೆ ಕೋಪ ನೆತ್ತಿಗೇರಿತು. ಮಾತೂ ಬೇಡ, ಮರ್ಯಾದೆಯೂ ಬೇಡ, ಇವತ್ತು ಹೇಳಿಬಿಡುತ್ತೇನೆ ಎಂದು ಸೀದಾ ಜಯಮ್ಮನ ಚಪ್ಪರಕ್ಕೆ ಹೋದೆ. ಅವತ್ತೂ ಅಲ್ಲೇ ಮುಯ್ಯಿ. ಹೆಂಗಸರು ರಾಶಿಯ ಸುತ್ತ ಕೂತಿದ್ದರು. ಅವರ ನಡುವೆ, ಪವಿತ್ರ ಕೂರುತ್ತಿದ್ದ ಜಾಗದಲ್ಲಿ, ಪುಟ್ಟತಾಯಮ್ಮ ಇದ್ದಳು. ಆಸ್ಪತ್ರೆಯಿಂದ ಬಂದಂದಿನಿಂದ ಸೊಸೆಯನ್ನು ಮನೆಯಲ್ಲಿ ಬಿಟ್ಟು ಎಲ್ಲ ಮನೆಯ ಮುಯ್ಯಿಯನ್ನೂ ತಾನೇ ತೀರಿಸುತ್ತಿದ್ದಳಂತೆ. ಅರವತ್ತು ದಾಟಿದ ಕೈಗೆ ದಾರ ಹಿಡಿಸುತ್ತಿರಲಿಲ್ಲ, ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಉಳಿದವರು ಎರಡು ಕಡ್ಡಿ ಕಟ್ಟುವಷ್ಟರಲ್ಲಿ ಅವಳದು ಒಂದೂ ಆಗಿರಲಿಲ್ಲ. ಚಪ್ಪರದ ಕಂಬಗಳ ನಡುವೆ ಮೂರು ಸೀರೆಯ ತೊಟ್ಟಿಲುಗಳು ತೂಗುತ್ತಿದ್ದವು.

"ಏನ್ ಟೀಚರಮ್ಮ, ಇವತ್ತು ಯಾರ್ ಕೂಸಿಗೆ ಬಂದ್ರಿ?" ಎಂದು ಜಯಮ್ಮ ಕೇಳಿದಳು. ಎಲ್ಲರೂ ಕಿಸಕ್ಕನೆ ನಕ್ಕರು.

ಬಾಯಿ ತೆರೆದೆ. ಪುಟ್ಟತಾಯಮ್ಮ ತಲೆ ಎತ್ತಿರಲಿಲ್ಲ, ಆದರೆ ಅವಳ ಕೈ ನಿಂತುಹೋಗಿತ್ತು. ಹೇಳಲು ಆಗಲಿಲ್ಲ. ಹೇಳದೆ ಹಿಂದಿರುಗಲೂ ಆಗದೆ ಆ ನಗುವಿನ ನಡುವೆ ಸುಮ್ಮನೆ ನಿಂತೆ. ಬಾಯಿಬಡಕಿ ಎಂದು ಹೆಸರಾದ ನನಗೆ ಅಂಥ ಗತಿ ಅದೇ ಮೊದಲು.

"ನಗ್‌ಬ್ಯಾಡ್ರಿ ಕಣ್ರೇ," ಎಂದಳು ಪುಟ್ಟತಾಯಮ್ಮ.

ದಾರ ಕೆಳಗಿಟ್ಟಳು. "ಅವಳ್ ಸೂಜಿ ಏನೂ ಮಾಡ್ನಿಲ್ಲ. ಮಾಡಿದ್ದು ನಾನು. ಸೊಪ್ಪಿನ್ ದುಪ್ಪಟಿ ಸುತ್ತಿ ಕಳಿಸ್ದೆ, ಇಲ್ಲೇ, ಈ ರಾಶಿ ಮಗ್ಗುಲಲ್ಲೇ ಮಲಗಿತ್ತು. ದೊಡ್ಡವರ್ಗೆ ಸೊಕ್ಕೋದು ಕೂಸಿಗೆ ಸೊಕ್ಕಾಕಿಲ್ವಾ? ನನ್ ಬುದ್ಧಿಗೆ ಮಣ್ಣಾಕ. ಆಸ್ಪತ್ರೇಲಿ ಅದ್ರ ಮೈ ತೊಳ್ದ ನೀರು ನೋಡ್ಬೇಕಿತ್ತು ನೀವು, ಅಂಗೇ ಅಸ್ರು." ಅಷ್ಟು ಹೇಳಿ ನನ್ನ ಕಡೆ ತಿರುಗಿದಳು. "ನೀನು ಓಗವ್ವ, ನಿನ್ ಕೆಲಸ ನೋಡ್ಕೋ."

ಒಬ್ಬ ಹುಡುಗಿ ಎದ್ದು ತೊಟ್ಟಿಯ ಹತ್ತಿರ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದಳು. ತೊಟ್ಟಿಲಿನಿಂದ ತನ್ನ ಕೂಸನ್ನು ಎತ್ತಿಕೊಂಡು ಮನೆಯ ಕಡೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಜಯಮ್ಮ ತನ್ನ ಮುಯ್ಯಿ ಅರ್ಧಕ್ಕೆ ನಿಂತರೂ ಬೇಡ ಎನ್ನಲಿಲ್ಲ.

ಆಮೇಲಿನ ಗುರುವಾರಗಳಲ್ಲಿ ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಬಂದರು ಎಂದರೆ ಸುಳ್ಳಾಗುತ್ತದೆ. ಇಬ್ಬರನ್ನು ಕೊನೆಯವರೆಗೂ ಒಪ್ಪಿಸಲಾಗಲಿಲ್ಲ. ಸೂಜಿ ಇಲ್ಲ ಅಂದ್ರೆ ದುಡ್ಡೂ ಇಲ್ಲ ಎಂಬ ಮಾತು ನಾನು ಬಿಟ್ಟೆ. ಅದರ ಬದಲು ಮನೆಮನೆಯ ಜಗಲಿಯಲ್ಲಿ ಕೂತು, ಇದು ಯಾವ ಕಾಯಿಲೆಗೆ, ಜ್ವರ ಎಷ್ಟು ದಿನ ಇರುತ್ತದೆ, ಯಾವಾಗ ಹೆದರಬೇಕು ಎಂದು ಹೇಳಲು ಕಲಿತೆ. ಅರ್ಧ ಗಂಟೆ ಬೇಕಾಗುತ್ತದೆ, ಬೇಕಾಗಲಿ. ಪವಿತ್ರಳ ಎರಡು ಸಾವಿರ ಬಂದದ್ದು ಕೊನೆಯ ಬ್ಯಾರನ್ನಿನ ಬೆಂಕಿ ಆರಿ, ಸೊಪ್ಪೆಲ್ಲ ಹರಾಜಿಗೆ ಹೋದ ಮೇಲೆ. ಮನೆಯಲ್ಲಿ ಕೂರಲೆಂದು ಕೊಟ್ಟ ದುಡ್ಡು ಕೂರುವ ಕಾಲ ಕಳೆದ ಮೇಲೆ ಬಂತು ಎಂದು ನಾನು ಗೊಣಗಿದೆ. "ಇರ್ಲಿ ಬುಡಿ ಟೀಚರ್, ಬ್ಯಾಂಕಲ್ಲೇ ಇರ್ಲಿ. ನಾನು ಕೂತಿದ್ದಾಯ್ತು," ಎಂದಳು ಪವಿತ್ರ.

ಮಾಗಿಯ ಚಳಿಯಲ್ಲಿ ಕೂಸಿಗೆ ಒಂಬತ್ತು ತಿಂಗಳು ತುಂಬಿತು. ಒಂಬತ್ತಕ್ಕೆ ದಡಾರದ ಸೂಜಿ. ಅದಕ್ಕೆ ದುಡ್ಡಿನ ಕಟ್ಟುಪಾಡಿಲ್ಲ, ಹಾಕಿಸದಿದ್ದರೂ ಯಾರಿಗೂ ದುಡ್ಡು ತಪ್ಪುವುದಿಲ್ಲ. ಅದಕ್ಕೇ ಬಹಳ ಮಂದಿ ಬರುವುದಿಲ್ಲ. ಆ ಮನೆಗೆ ಹೋಗಿ ಕರೆಯಲು ನನಗೆ ಧೈರ್ಯವಾಗಲಿಲ್ಲ. ಆ ಕೂಸಿನ ಮೈಗೆ ಇನ್ನೊಂದು ಸೂಜಿ ಎಂದು ಯಾವ ಬಾಯಲ್ಲಿ ಹೇಳಲಿ? ಪಟ್ಟಿಯಲ್ಲಿ ಹೆಸರು ಬರೆದುಕೊಂಡೆ, ಮುಂದಿನ ಕಲಂ ಖಾಲಿ ಬಿಟ್ಟೆ, ಬೆಳಿಗ್ಗೆಯಿಂದ ಬಾಗಿಲ ಕಡೆ ನೋಡುತ್ತ ಕೂತೆ.

ಹನ್ನೊಂದು ಗಂಟೆಗೆ ಪುಟ್ಟತಾಯಮ್ಮ ಬಂದಳು, ಒಬ್ಬಳೇ, ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು. ಹೊರಗೆ ನಿಲ್ಲಲಿಲ್ಲ. ಸೀದಾ ಒಳಗೆ ಬಂದು ಸಿಸ್ಟರ್ ಮುಂದಿನ ಚಾಪೆಯ ಮೇಲೆ ಕೂತು ಕೂಸಿನ ತೋಳಿನ ಬಟ್ಟೆ ಸರಿಸಿದಳು.

ನನಗೆ ಸುಮ್ಮನಿರಲಾಗಲಿಲ್ಲ. "ಪುಟ್ಟತಾಯಮ್ಮ, ಇದಕ್ಕೆ ದುಡ್ಡು ಬರಲ್ಲ," ಎಂದೆ.

"ಗೊತ್ತು ಕಣೆ," ಎಂದಳು. ಕೂಸಿನ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದು, ಈ ಸಲ ಗೋಡೆಯ ಕಡೆ ತಿರುಗದೆ ಸೂಜಿಯನ್ನೇ ನೋಡುತ್ತ, "ಚುಚ್ಚವ್ವ," ಎಂದಳು.